ಜೀವಕಣದ ಹೊಸ್ತಿಲಲ್ಲಿ ಒಂದು ಸಕ್ಕರೆ

ಕಾವಿಗೆ ಇಟ್ಟ ಕೋಳಿಯ ಮೊಟ್ಟೆಯೊಳಗೆ ಇನ್‌ಫ್ಲುಯೆಂಜಾ ವೈರಸ್ಸನ್ನು ಬೆಳೆಸುವ ವಿಧಾನವು 1930ರ ದಶಕದಲ್ಲಿಯೇ ವಿಜ್ಞಾನಿಗಳ ಕೈಗೆ ಬಂದಿತ್ತು. ಚಿಪ್ಪಿನಲ್ಲಿ ಸಣ್ಣ ರಂಧ್ರವನ್ನು ಮಾಡಿ, ಭ್ರೂಣದ ಪೊರೆಯೊಳಗಿನ ದ್ರವಕ್ಕೆ ವೈರಸ್ಸನ್ನು ಸೇರಿಸಿ, ಒಂದೆರಡು ದಿನಗಳ ತರುವಾಯ ಆ ದ್ರವವನ್ನು ಹೊರಕ್ಕೆ ತೆಗೆಯುವುದು ವಾಡಿಕೆ. 1941ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನದ ಪ್ರಯೋಗಶಾಲೆಯಲ್ಲಿ ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿಯು ಹೀಗೆ ದ್ರವವನ್ನು ತೆಗೆಯುತ್ತಿದ್ದಾಗ, ಭ್ರೂಣದ ರಕ್ತನಾಳವೊಂದು ಹರಿದು ಸ್ವಲ್ಪ ರಕ್ತವು ಅದರಲ್ಲಿ ಬೆರೆತುಹೋಯಿತು. ಬೇರೆ ಯಾರಾದರೂ ಆಗಿದ್ದರೆ, ಕೆಲಸ ಕೆಟ್ಟಿತೆಂದು ಅದನ್ನು ಚೆಲ್ಲಿಬಿಡುತ್ತಿದ್ದರೋ ಏನೋ. ಹರ್ಸ್ಟ್ ಅದನ್ನು ದಿಟ್ಟಿಸಿ ನೋಡಿದನು. ಕೆಂಪು ರಕ್ತಕಣಗಳು ಬಿಡಿಬಿಡಿಯಾಗಿ ತೇಲದೆ, ಒಂದಕ್ಕೊಂದು ಅಂಟಿಕೊಂಡು ಗೊಂಚಲುಗಳಾಗಿದ್ದುವು. ವೈರಸ್ ಇಲ್ಲದ ಮೊಟ್ಟೆಯ ದ್ರವದಲ್ಲಿ ಹಾಗೆ ಆಗಲಿಲ್ಲ. ಅದೇ ವರ್ಷ ಕೆನಡಾದ ಟೊರಾಂಟೋ ನಗರದಲ್ಲಿಯೂ ಇಬ್ಬರು ವಿಜ್ಞಾನಿಗಳು ಸ್ವತಂತ್ರವಾಗಿ ಇದನ್ನೇ ಕಂಡರು.

ಘಟನೆಯು ಇಲ್ಲಿಗೆ ಮುಗಿದಿದ್ದರೆ, ವೈರಸ್ಸಿನ ಇರವನ್ನು ಗುರುತಿಸಲು ಸುಲಭವಾದ ಉಪಾಯವೊಂದು ದೊರೆಯಿತೆಂದು ಸಂತೋಷಪಟ್ಟು ಸುಮ್ಮನಾಗಬಹುದಿತ್ತು. ಆದರೆ ಮರುವರ್ಷ ಹರ್ಸ್ಟ್ ಇನ್ನೊಂದು ಸಂಗತಿಯನ್ನು ಪ್ರಕಟಿಸಿದನು. ನಾಲ್ಕು ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ ಈ ಗೊಂಚಲುಗಳು ಹಾಗೆಯೇ ನಿಲ್ಲುತ್ತವೆ. ಮೈಯ ಶಾಖಕ್ಕೆ, ಎಂದರೆ 37 ಡಿಗ್ರಿಗೆ ತಂದರೆ, ಕೆಲವು ಗಂಟೆಗಳಲ್ಲಿ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹೀಗೆ ಬಿಡುಗಡೆಯಾದ ವೈರಸ್ಸು ಹೊಸ ರಕ್ತಕಣಗಳನ್ನು ಮೊದಲಿನಂತೆಯೇ ಅಂಟಿಸಬಲ್ಲುದು. ಆದರೆ ಬಿಡುಗಡೆಯಾದ ರಕ್ತಕಣಗಳಿಗೆ ಹೊಸ ವೈರಸ್ಸನ್ನು ಸೇರಿಸಿದರೆ ಅವು ಅಂಟಿಕೊಳ್ಳುವುದಿಲ್ಲ. ಬದಲಾದುದು ವೈರಸ್ಸಲ್ಲ, ರಕ್ತಕಣ ಎಂದಾಯಿತು. ಕಣದ ಮೈಮೇಲೆ ವೈರಸ್ಸು ಹಿಡಿದುಕೊಳ್ಳುವ ವಸ್ತುವೊಂದು ಇದ್ದಿತು. ಹಿಡಿದುಕೊಂಡ ವೈರಸ್ಸೇ ಅದನ್ನು ಕತ್ತರಿಸಿ ಹಾಕಿತು. ಒಂದು ಕೈಯಿಂದ ಕೊಂಬೆಯನ್ನು ಹಿಡಿದು ಇನ್ನೊಂದು ಕೈಯಿಂದ ಅದೇ ಕೊಂಬೆಯನ್ನು ಕಡಿಯುವುದು ಅವಿವೇಕವಲ್ಲವೆ? ಅವಿವೇಕವಲ್ಲವೆಂಬುದನ್ನು ಮುಂದೆ ನೋಡುವೆವು.

ಆ ವಸ್ತು ಯಾವುದು? ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಆತನ ಸಂಗಡಿಗರು 1946ರ ಸುಮಾರಿಗೆ, ಕಾಲರಾ ರೋಗಾಣುವು ಬೆಳೆದ ದ್ರವದಲ್ಲಿಯೂ ಇದೇ ಬಗೆಯ ಕತ್ತರಿಯೊಂದು, ಎಂದರೆ ಕಿಣ್ವವೊಂದು, ಇರುವುದನ್ನು ಕಂಡುಹಿಡಿದರು. ಅದು ಸವರಿಹೋದ ರಕ್ತಕಣಗಳನ್ನು ಇನ್‌ಫ್ಲುಯೆಂಜಾ ವೈರಸ್ಸು ಹಿಡಿಯಲಾರದು. ಅದೇ ಸಂಸ್ಥೆಯಲ್ಲಿದ್ದ ಆಲ್ಫ್ರೆಡ್ ಗಾಟ್ಸ್‌ಚಾಕ್ ಎಂಬ ರಸಾಯನಶಾಸ್ತ್ರಜ್ಞನು ಕತ್ತರಿಸಿ ಬಿದ್ದ ಚೂರಿನ ಬೆನ್ನು ಹತ್ತಿದನು. ಸ್ವೀಡನ್ನಿನ ಗುನ್ನಾರ್ ಬ್ಲಿಕ್ಸ್ 1936ರಲ್ಲಿ ದನದ ಜೊಲ್ಲಿನ ಗ್ರಂಥಿಯ ಲೋಳೆಯಿಂದ ಹರಳು ಹರಳಾಗಿ ಬೇರ್ಪಡಿಸಿದ್ದ ಆಮ್ಲ, ಜರ್ಮನಿಯ ಅರ್ನ್‌ಸ್ಟ್ ಕ್ಲೆಂಕ್ 1941ರಲ್ಲಿ ಮೆದುಳಿನ ಕೊಬ್ಬಿನಿಂದ ಪಡೆದ ಆಮ್ಲ, ಮೆಲ್ಬರ್ನಿನ ಈ ಚೂರು, ಈ ಮೂರೂ ಒಂದೇ ಮನೆತನಕ್ಕೆ ಸೇರಿದುವೆಂದು ಕ್ರಮೇಣ ಸ್ಪಷ್ಟವಾಯಿತು. 1957ರಲ್ಲಿ ಮೂವರೂ ಕೂಡಿ ಹೆಸರುಗಳ ಗೊಂದಲವನ್ನು ಪರಿಹರಿಸಿದರು. ಆ ಮನೆತನದ ಹೆಸರೇ ಸಯಾಲಿಕ್ ಆಮ್ಲ. ಗ್ರೀಕ್ ಭಾಷೆಯಲ್ಲಿ ಸಯಾಲಾನ್ ಎಂದರೆ ಜೊಲ್ಲು. ನಮ್ಮಲ್ಲಿ ‘ಲಾಲಾಮ್ಲ’ವೆಂದು ಕರೆಯಬಹುದೇನೋ, ಆದರೆ ಕಾಲೇಜಿನ ಪುಸ್ತಕಗಳಲ್ಲಿ ವಾಚಕರಿಗೆ ಎದುರಾಗುವುದು ಸಯಾಲಿಕ್ ಆಮ್ಲವೇ ಆದುದರಿಂದ ಆ ಹೆಸರನ್ನೇ ಇಟ್ಟುಕೊಳ್ಳೋಣ.

ಆಮ್ಲವೆಂದು ಹೆಸರಾದರೂ ಇದು ಒಂದು ಸಕ್ಕರೆ. ಗ್ಲೂಕೋಸಿನ ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳಿದ್ದರೆ ಇದರಲ್ಲಿ ಒಂಬತ್ತು ಇವೆ. ನಡುವೆ ಒಂದು ಉಂಗುರ. ಉಂಗುರದಿಂದ ಹೊರಚಾಚಿದ ಮೂರು ಅಂಗಗಳು. ಒಂದು ಕಡೆ ಕಾರ್ಬಾಕ್ಸಿಲ್ ಗುಂಪು. ಮೈಯೊಳಗಿನ ನೀರಿನಲ್ಲಿ ಇದು ತನ್ನ ಪ್ರೋಟಾನನ್ನು ಕಳೆದುಕೊಂಡು ಋಣ ವಿದ್ಯುದಂಶವನ್ನು ಹೊತ್ತಿರುತ್ತದೆ. ಇನ್ನೊಂದು ಕಡೆ ಸಾರಜನಕದ ಮೂಲಕ ಅಂಟಿಕೊಂಡ ಅಸಿಟೈಲ್ ಗುಂಪು. ಇದರ ತುದಿಯಲ್ಲಿ ನೀರನ್ನು ಒಲ್ಲದ, ಎಣ್ಣೆಯ ಸ್ವಭಾವದ ಮೀಥೈಲ್ ಇದೆ. ಮೂರನೆಯದು, ಮೂರು ಇಂಗಾಲಗಳ ಒಂದು ಬಾಲ; ಅದರ ತುಂಬ ಹೈಡ್ರಾಕ್ಸಿಲ್ ಗುಂಪುಗಳು. ಈ ಮೂರು ಅಂಗಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇವುಗಳದೇ.

ಜೀವಕಣದ ಹೊರಮೈಯನ್ನು ನುಣುಪಾದ ಚೆಂಡಿನಂತೆ ಚಿತ್ರಿಸುವುದು ಪಠ್ಯಪುಸ್ತಕಗಳ ಅನುಕೂಲಕ್ಕಾಗಿ. ವಾಸ್ತವವಾಗಿ ಅದು ಸಕ್ಕರೆಯ ಸರಗಳ ಒಂದು ದಟ್ಟ ಪೊದೆ. ಪ್ರೋಟೀನುಗಳಿಗೂ ಕೊಬ್ಬಿನ ಅಣುಗಳಿಗೂ ಕಟ್ಟಿದ ಈ ಸರಗಳ ಕಟ್ಟಕಡೆಯ ಮಣಿಯಾಗಿ ಬಹಳ ಕಡೆ ಕುಳಿತಿರುವುದು ಸಯಾಲಿಕ್ ಆಮ್ಲ. ಒಂದು ಕೆಂಪು ರಕ್ತಕಣದ ಮೇಲೆ ಇಂತಹ ಮಣಿಗಳು ಕೋಟಿಯ ಲೆಕ್ಕದಲ್ಲಿವೆ. ಪ್ರತಿಯೊಂದೂ ಋಣ ವಿದ್ಯುದಂಶವನ್ನು ಹೊತ್ತಿರುವುದರಿಂದ ರಕ್ತಕಣಗಳು ಒಂದನ್ನೊಂದು ದೂಡುತ್ತವೆ. ನಾಳಗಳಲ್ಲಿ ಅಂಟಿಕೊಳ್ಳದೆ ಹರಿಯಲು ಇದೂ ಒಂದು ಕಾರಣ. ಹೊರಗಿನಿಂದ ಯಾರೇ ಬರಲಿ, ಮೊದಲು ಕೈಗೆ ಸಿಕ್ಕುವುದು ಈ ಕೊನೆಯ ಮಣಿ.

ವೈರಸ್ಸಿನ ಕೈಯನ್ನು ಕಾಣಲು ಮಾತ್ರ ಹರ್ಸ್ಟನ ಪ್ರಯೋಗದ ತರುವಾಯ ನಾಲ್ವತ್ತು ವರ್ಷಗಳು ಹಿಡಿದುವು. ಇನ್‌ಫ್ಲುಯೆಂಜಾ ವೈರಸ್ಸಿನ ಅಡ್ಡಳತೆ ಸುಮಾರು 1000 ಆಂಗ್‌ಸ್ಟ್ರಾಮ್. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ಆಂಗ್‌ಸ್ಟ್ರಾಮ್. ಇದರ ಮೈಮೇಲೆ ಕೆಲವು ನೂರು ಪ್ರೋಟೀನಿನ ಮೊಳೆಗಳು ನೆಟ್ಟಿರುತ್ತವೆ. ಅವುಗಳಲ್ಲಿ ಹೆಚ್ಚಿನವು ರಕ್ತಕಣಗಳನ್ನು ಅಂಟಿಸುವ ಹೀಮಗ್ಲುಟಿನಿನ್. 1968ರ ಹಾಂಗ್‌ಕಾಂಗ್ ಜ್ವರದ ವೈರಸ್ಸಿನಿಂದ ತೆಗೆದ ಈ ಪ್ರೋಟೀನನ್ನು ಹರಳುಗಟ್ಟಿಸಿ, ಅದರ ಮೂಲಕ ಕ್ಷಕಿರಣಗಳನ್ನು ಹಾಯಿಸಿ, ಇಯನ್ ವಿಲ್ಸನ್, ಜಾನ್ ಸ್ಕೆಹೆಲ್ ಮತ್ತು ಡಾನ್ ವೈಲಿ 1981ರಲ್ಲಿ ಅದರ ರಚನೆಯನ್ನು ಬಿಡಿಸಿ ತೋರಿಸಿದರು. ಮೂರು ಒಂದೇ ಬಗೆಯ ಎಳೆಗಳು ಹೆಣೆದುಕೊಂಡು ಆದ 135 ಆಂಗ್‌ಸ್ಟ್ರಾಮ್ ಎತ್ತರದ ಗೂಟವದು. ಪ್ರತಿ ಎಳೆಯ ತಲೆಯ ಮೇಲೂ ಒಂದು ತಗ್ಗು. 1988ರಲ್ಲಿ ಇದೇ ಬಳಗದವರು ಆ ತಗ್ಗಿನಲ್ಲಿ ಸಯಾಲಿಕ್ ಆಮ್ಲವು ಕುಳಿತಿರುವ ಚಿತ್ರವನ್ನೂ ಪಡೆದರು.

ಅದರಲ್ಲಿ ಕಂಡುದೇನು? ತಗ್ಗಿನ ತಳದಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದ ಚಪ್ಪಟೆಯಾದ ಎಣ್ಣೆಮೈ. ಸಕ್ಕರೆಯ ಮೀಥೈಲ್ ಗುಂಪು ಅದಕ್ಕೆ ಒರಗಿದೆ. 98ನೆಯ ಸ್ಥಾನದ ಟೈರೊಸಿನ್ ಬಾಲದ ಹೈಡ್ರಾಕ್ಸಿಲನ್ನು ಹಿಡಿದಿದೆ. ಋಣ ವಿದ್ಯುದಂಶದ ಕಾರ್ಬಾಕ್ಸಿಲ್ ಗುಂಪನ್ನು ಧನ ವಿದ್ಯುದಂಶದ ಯಾವುದಾದರೊಂದು ಅಮೈನೋ ಆಮ್ಲವು ಹಿಡಿದಿರಬೇಕೆಂದು ಭೌತಶಾಸ್ತ್ರವನ್ನು ಓದಿದವರು ಸಹಜವಾಗಿ ನಿರೀಕ್ಷಿಸುವೆವು. ಹಾಗೇನೂ ಇಲ್ಲ! ಒಂದೆರಡು ಜಲಜನಕ ಬಂಧಗಳು ಮಾತ್ರ ಅದನ್ನು ಮೆಲ್ಲನೆ ತಡೆದಿವೆ.

ಪ್ರೋಟೀನು ಒಂದು ಅಣುವನ್ನು ಗುರುತಿಸುವುದನ್ನು ಬೀಗಕ್ಕೂ ಬೀಗದ ಕೈಗೂ ಹೋಲಿಸುವುದು 1894ರಲ್ಲಿ ಎಮಿಲ್ ಫಿಷರ್ ಹಾಕಿಕೊಟ್ಟ ಸಂಪ್ರದಾಯ. ಹೋಲಿಕೆ ಚೆನ್ನಾಗಿದೆ, ಇಲ್ಲಿ ಮಾತ್ರ ಅದು ನಮ್ಮ ದಾರಿ ತಪ್ಪಿಸುತ್ತದೆ ಎಂದೇ ನಮ್ಮ ಅಭಿಪ್ರಾಯ. ಬೀಗವೆಂದೊಡನೆ ಭದ್ರತೆಯ ಭಾವನೆ ಬರುತ್ತದೆ. ಈ ತಗ್ಗಿನ ಹಿಡಿತವಾದರೋ ಅತ್ಯಂತ ಸಡಿಲವಾದುದು. ತಗ್ಗುಗಳಲ್ಲಿ ಅರ್ಧದಷ್ಟು ತುಂಬಬೇಕಾದರೆ ನೀರಿನಲ್ಲಿ ಈ ಸಕ್ಕರೆ ಲೀಟರಿಗೆ ಎರಡು ಮೂರು ಮಿಲಿಮೋಲಿನಷ್ಟು, ಎಂದರೆ ಹೆಚ್ಚುಕಡಮೆ ಒಂದು ಗ್ರಾಂ ಇರಬೇಕೆಂದು 1980ರ ದಶಕದ ಕೊನೆಯಲ್ಲಿ ಅಳೆದು ನೋಡಿದರು. ರೋಗದ ವಿರುದ್ಧ ಹುಟ್ಟುವ ಒಳ್ಳೆಯ ಪ್ರತಿಕಾಯವೊಂದು ತನ್ನ ಗುರಿಯನ್ನು ಇದಕ್ಕಿಂತ ಹತ್ತು ಲಕ್ಷ ಪಟ್ಟು ಬಿಗಿಯಾಗಿ ಹಿಡಿಯಬಲ್ಲುದು.

ಇದನ್ನು ಶಕ್ತಿಯ ಲೆಕ್ಕಕ್ಕೆ ತಿರುಗಿಸೋಣ. ಮೇಲಣ ಅಳತೆಯಿಂದ ಬಂಧದ ಶಕ್ತಿಯು ಮೋಲಿಗೆ ಸುಮಾರು 15 ಕಿಲೋಜೂಲ್ ಎಂದು ಬರುತ್ತದೆ. ಎರಡು ಇಂಗಾಲಗಳ ನಡುವಣ ರಾಸಾಯನಿಕ ಬಂಧದಲ್ಲಿ 350 ಕಿಲೋಜೂಲಿನಷ್ಟಿರುತ್ತದೆ. ಇನ್ನು ಮೈಯ ಶಾಖದಲ್ಲಿ ಅಣುಗಳ ಕುಣಿತಕ್ಕೆ ಸಲ್ಲುವ ಶಕ್ತಿಯ ಅಳತೆ ಮೋಲಿಗೆ 2.6 ಕಿಲೋಜೂಲ್. ಎಂದರೆ ಈ ಹಿಡಿತವು ಶಾಖದ ಕುಣಿತದ ಆರು ಪಟ್ಟು ಕೂಡ ಇಲ್ಲ. ಇಷ್ಟು ದುರ್ಬಲವಾಗಲು ಕಾರಣವೂ ಇದೆ. ಸಕ್ಕರೆಯ ಹೈಡ್ರಾಕ್ಸಿಲ್‌ಗಳಿಗೆ ನೀರಿನ ಅಣುಗಳ ಸಂಗ ಮೊದಲೇ ಇರುತ್ತದೆ. ಪ್ರೋಟೀನಿನ ಕೈಯನ್ನು ಹಿಡಿಯಬೇಕಾದರೆ ನೀರಿನ ಕೈಯನ್ನು ಬಿಡಬೇಕು. ಕೊಟ್ಟುದನ್ನೂ ಕೊಂಡುದನ್ನೂ ಕಳೆದು ನೋಡಿದರೆ ಉಳಿಯುವ ಲಾಭ ಅತ್ಯಲ್ಪ. ಸಾಲದುದಕ್ಕೆ, ನೀರಿನಲ್ಲಿ ಎರಡು ವಿದ್ಯುದಂಶಗಳ ಸೆಳೆತವು ಶೂನ್ಯದಲ್ಲಿರುವುದರ ಸುಮಾರು ಎಂಬತ್ತರಲ್ಲೊಂದು ಪಾಲಿಗೆ ಇಳಿದುಬಿಡುತ್ತದೆ.

ಹಾಗಾದರೆ ವೈರಸ್ಸು ಜಾರಿ ಬೀಳುವುದಿಲ್ಲವೇಕೆ? ಹೊಲದ ಬದುವಿನ ಮೇಲೆ ನಡೆದು ಬಂದವರ ಪಂಚೆಯ ಅಂಚಿಗೆ ಉತ್ತರಾಣಿಯ ಕಾಯಿಗಳು ಹತ್ತಿಕೊಂಡಿರುವುದನ್ನು ನೋಡಿದ್ದೇವೆ. ಒಂದು ಕಾಯಿಯ ಒಂದು ಮುಳ್ಳು ಮಾತ್ರ ತಾಗಿದ್ದರೆ ಕೊಡವಿದೊಡನೆ ಬೀಳುತ್ತದೆ. ಹಲವು ಮುಳ್ಳುಗಳು ನೂಲಿನಲ್ಲಿ ಸಿಕ್ಕಿಕೊಂಡಿದ್ದರೆ ಕುಳಿತು ಕೀಳಬೇಕಾಗುತ್ತದೆ. ವೈರಸ್ಸಿನದೂ ಇದೇ ಲೆಕ್ಕ. ಒಂದು ಹಿಡಿತವು ಅರ್ಧ ಕಾಲ ಕೂಡಿಕೊಂಡೂ ಅರ್ಧ ಕಾಲ ಬಿಟ್ಟುಕೊಂಡೂ ಇರುತ್ತದೆಂದು ಭಾವಿಸೋಣ. ಹತ್ತು ಹಿಡಿತಗಳಿದ್ದರೆ, ಹತ್ತೂ ಒಂದೇ ಕ್ಷಣದಲ್ಲಿ ಬಿಟ್ಟಿರುವ ಸಂಭವ 1024ರಲ್ಲಿ ಒಂದು. ಇಪ್ಪತ್ತಿದ್ದರೆ ಹತ್ತು ಲಕ್ಷಕ್ಕೂ ಮೇಲ್ಪಟ್ಟದ್ದರಲ್ಲಿ ಒಂದು. ಒಂದು ಬಿಡುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ. ಹಿಡಿತಗಳು ಪರಸ್ಪರ ಸ್ವತಂತ್ರವೆಂದು ನಾವು ಇಲ್ಲಿ ಎಣಿಸಿರುವುದು ಸಂಪೂರ್ಣ ಸರಿಯಲ್ಲ. ಆದರೂ ತತ್ತ್ವ ತಿಳಿಯಲು ಇಷ್ಟು ಸಾಕು.

ಹಿಡಿತವು ಹೀಗೆ ಎಣಿಕೆಯಿಂದ ಬಲವಾಗುವುದರಿಂದ ವೈರಸ್ಸಿಗೆ ಒಂದು ತೊಂದರೆಯೂ ಉಂಟು. ನಮ್ಮ ಮೂಗು ಗಂಟಲುಗಳ ಲೋಳೆಯ ತುಂಬ ಸಯಾಲಿಕ್ ಆಮ್ಲವಿದೆ. ಜೀವಕಣವನ್ನು ತಲುಪುವ ಮೊದಲೇ ವೈರಸ್ಸು ಈ ಲೋಳೆಗೆ ಅಂಟಿ ಹೊರಕ್ಕೆ ಸಾಗಿಹೋಗಬಹುದು. ಕಣದೊಳಗೆ ಹುಟ್ಟಿದ ಮರಿ ವೈರಸ್ಸುಗಳು ಹೊರಬಂದೊಡನೆ ಅದೇ ಕಣದ ಮೈಗೂ ಒಂದಕ್ಕೊಂದಕ್ಕೂ ಅಂಟಿಕೊಂಡು ಅಲ್ಲಿಯೇ ಉಳಿಯಬಹುದು. ಹರ್ಸ್ಟ್ ಕಂಡ ಕತ್ತರಿಯ ಪ್ರಯೋಜನ ಇಲ್ಲಿದೆ. ವೈರಸ್ಸಿನ ಮೈಮೇಲೆ ನೆಟ್ಟಿರುವ ಇನ್ನೊಂದು ಬಗೆಯ ಮೊಳೆಯೇ ಆ ಕತ್ತರಿ. ಅದರ ಹೆಸರು ನ್ಯೂರಮಿನಿಡೇಸ್. 1983ರಲ್ಲಿ ಆಸ್ಟ್ರೇಲಿಯದ ಜೋಸ್ ವರ್ಗೀಸ್, ಗ್ರೇಮ್ ಲೇವರ್ ಮತ್ತು ಪೀಟರ್ ಕೋಲ್ಮನ್ ಇದರ ರಚನೆಯನ್ನು ಪ್ರಕಟಿಸಿದರು. ಹೀಮಗ್ಲುಟಿನಿನ್ನಿನ ತಗ್ಗು ಮೇಲುಮೇಲಿನದಾದರೆ ಇದರದು ಆಳವಾದ ಗುಳಿ. ಅಲ್ಲಿ ಧನ ವಿದ್ಯುದಂಶದ ಆರ್ಜಿನಿನ್‌ಗಳು ಮೂರು ಕಡೆಯಿಂದ ಕಾರ್ಬಾಕ್ಸಿಲ್ ಗುಂಪನ್ನು ಬಿಗಿಯಾಗಿ ಹಿಡಿಯುತ್ತವೆ. ಹಿಡಿಯುವ ಕೈಗೆ ಧನ ವಿದ್ಯುದಂಶವೇ ಇಲ್ಲ, ಕತ್ತರಿಸುವ ಕೈಗೆ ಮೂರು! ಒಂದು ಹಿಡಿದು ಬಿಡಬೇಕಾದುದು. ಇನ್ನೊಂದು ಹಿಡಿದು ಮುರಿಯಬೇಕಾದುದು.

ಗುಳಿಯ ಆಕಾರ ತಿಳಿದ ಮೇಲೆ ಅದನ್ನು ಮುಚ್ಚುವ ಬಿರಡೆಯನ್ನು ಮಾಡಬಹುದಲ್ಲವೆ? ಕೋಲ್ಮನ್, ಮಾರ್ಕ್ ಫಾನ್ ಇಟ್ಸ್‌ಟೈನ್ ಮೊದಲಾದವರು ಸಯಾಲಿಕ್ ಆಮ್ಲವನ್ನು ಹೋಲುವ ಅಣುವೊಂದನ್ನು ತೆಗೆದುಕೊಂಡು, ಗುಳಿಯ ಒಂದು ಮೂಲೆಯಲ್ಲಿದ್ದ ಋಣ ವಿದ್ಯುದಂಶದ ಗ್ಲುಟಾಮಿಕ್ ಆಮ್ಲಗಳಿಗೆ ಎದುರಾಗುವಂತೆ ಅದಕ್ಕೆ ಧನ ವಿದ್ಯುದಂಶದ ಗುಂಪೊಂದನ್ನು ಸೇರಿಸಿದರು. 1993ರಲ್ಲಿ ಪ್ರಕಟವಾದ ಈ ಅಣುವೇ ಜಾನಮಿವಿರ್ ಎಂಬ ಔಷಧ. ಇದನ್ನು ಉಸಿರಿನ ಮೂಲಕ ಒಳಗೆ ಎಳೆದುಕೊಳ್ಳಬೇಕು. ಬಾಯಿಂದ ನುಂಗಬಹುದಾದ ಓಸೆಲ್ಟಮಿವಿರ್ ಇದರ ಬೆನ್ನಲ್ಲೇ ಬಂದಿತು. ಎರಡೂ 1999ರಲ್ಲಿ ಬಳಕೆಗೆ ಬಂದುವು. ಕ್ಷಕಿರಣದ ಚಿತ್ರವನ್ನು ಮುಂದಿಟ್ಟುಕೊಂಡು, ಅಳತೆ ತೆಗೆದು ಅಂಗಿ ಹೊಲಿದಂತೆ ರಚಿಸಿದ ಔಷಧಗಳಲ್ಲಿ ಇವು ಮೊದಮೊದಲಿನವು.

ಇಷ್ಟು ಹೊತ್ತು ಕಳ್ಳನ ವಿಚಾರವಾಯಿತು. ಮನೆಯ ಯಜಮಾನನು ಹೊಸ್ತಿಲಲ್ಲಿ ಈ ಸಕ್ಕರೆಯನ್ನು ಇಟ್ಟಿರುವುದಾದರೂ ಏಕೆ? ನಮ್ಮ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಕಾವಲು ತಿರುಗುವ ಬಿಳಿಯ ಕಣಗಳ ಮೇಲೆ ಸಿಗ್ಲೆಕ್ ಎಂಬ ಪ್ರೋಟೀನುಗಳ ಬಳಗವಿದೆ. ಇವು ಎದುರಾದ ಕಣದ ಮೇಲಿನ ಸಯಾಲಿಕ್ ಆಮ್ಲವನ್ನು ತಡವಿ ನೋಡುತ್ತವೆ. ಅದು ಸಿಕ್ಕಿದರೆ ಬಹುಪಾಲು ಸಿಗ್ಲೆಕ್‌ಗಳು ತಮ್ಮ ಕಣಕ್ಕೆ ‘ತಡೆ, ಇದು ನಮ್ಮದೇ’ ಎಂಬ ಸೂಚನೆಯನ್ನು ಕೊಡುತ್ತವೆ. ಈ ಬಳಗದ ಸಯಾಲೋಅಡ್ಹೀಸಿನ್ ಎಂಬುದರ ಹಿಡಿತದ ಚಿತ್ರವು 1998ರಲ್ಲಿ ದೊರೆಯಿತು. ಅಲ್ಲಿ ಕಾರ್ಬಾಕ್ಸಿಲನ್ನು ಹಿಡಿದಿರುವ ಆರ್ಜಿನಿನ್ ಒಂದೇ ಒಂದು. ಅದನ್ನು ಬದಲಿಸಿದರೆ ಗುರುತಿಸುವ ಶಕ್ತಿಯೇ ಹೋಗುತ್ತದೆ. ಎರಡು ಟ್ರಿಪ್ಟೊಫಾನ್‌ಗಳು ಸಕ್ಕರೆಯ ಎರಡು ಪಕ್ಕಗಳಿಗೆ ಒತ್ತಿಕೊಂಡಿವೆ, ಒಂದು ಮೀಥೈಲ್ ಗುಂಪಿಗೆ, ಇನ್ನೊಂದು ಬಾಲಕ್ಕೆ. ವೈರಸ್ಸಿನ ಪ್ರೋಟೀನಿಗೂ ಇದಕ್ಕೂ ವಂಶದ ನಂಟಿಲ್ಲ. ಆದರೂ ಎರಡೂ ಮೀಥೈಲ್ ಗುಂಪಿಗೆ ಟ್ರಿಪ್ಟೊಫಾನನ್ನೇ ಒಡ್ಡಿವೆ. ಹಿಡಿಯಬೇಕಾದ ವಸ್ತು ಒಂದೇ ಆದಾಗ ಉಪಾಯಗಳೂ ಒಂದನ್ನೊಂದು ಹೋಲುವುದು ಆಶ್ಚರ್ಯವಲ್ಲ. ಇಲ್ಲಿಯೂ ಒಂಟಿ ಹಿಡಿತ ಸಡಿಲವೇ. ಕಾವಲುಗಾರನು ಎದುರಾದವರನ್ನೆಲ್ಲ ಬಿಗಿಯಾಗಿ ಅಪ್ಪಿಕೊಂಡು ನಿಂತರೆ ಮುಂದಕ್ಕೆ ಹೋಗುವುದು ಯಾವಾಗ?

ಈ ಗುರುತು ಅಳಿಸಿಹೋದರೆ ಏನಾಗುತ್ತದೆ? ಗಿಲ್ಬರ್ಟ್ ಆಶ್‌ವೆಲ್ ಮತ್ತು ಅನಾಟೋಲ್ ಮೊರೆಲ್ 1960ರ ದಶಕದ ಕೊನೆಯಲ್ಲಿ ಮೊಲದ ರಕ್ತಕ್ಕೆ ತಾಮ್ರವನ್ನು ಹೊರುವ ಒಂದು ಪ್ರೋಟೀನನ್ನು ಸೇರಿಸಿ ನೋಡಿದರು. ಸಯಾಲಿಕ್ ಆಮ್ಲದೊಂದಿಗೆ ಇದ್ದಾಗ ಅದು ದಿನಗಟ್ಟಲೆ ರಕ್ತದಲ್ಲಿ ಓಡಾಡುತ್ತಿತ್ತು. ಕೊನೆಯ ಮಣಿಯನ್ನು ಕತ್ತರಿಸಿ ಸೇರಿಸಿದಾಗ ಕೆಲವೇ ನಿಮಿಷಗಳಲ್ಲಿ ಮಾಯವಾಗಿ ಪಿತ್ತಜನಕಾಂಗವನ್ನು ಸೇರಿತು. ಕೊನೆಯ ಮಣಿ ಹೋದೊಡನೆ ಬಯಲಾಗುವ ಗ್ಯಾಲಕ್ಟೋಸ್ ಎಂಬ ಸಕ್ಕರೆಯನ್ನು ಹಿಡಿಯುವ ಪ್ರೋಟೀನು ಅಲ್ಲಿದೆ. ಹೀಗೆ ಬಯಲಾದ ಗ್ಯಾಲಕ್ಟೋಸನ್ನು ನಮ್ಮ ಕಡಲೆಕಾಯಿಯಲ್ಲಿರುವ ಪ್ರೋಟೀನೊಂದೂ ಗುರುತಿಸುತ್ತದೆಂಬುದು ಸ್ವಾರಸ್ಯದ ವಿಷಯ. ಸಯಾಲಿಕ್ ಆಮ್ಲವನ್ನು ಹೊತ್ತ ರಕ್ತಕಣಗಳನ್ನು ಅದು ಅಂಟಿಸದು, ಕಳಚಿದವನ್ನು ಅಂಟಿಸುತ್ತದೆ. ಈ ಪ್ರೋಟೀನಿನ ರಚನೆಯನ್ನು 1994ರಲ್ಲಿ ಬಿಡಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಅವರ ಸಹೋದ್ಯೋಗಿಗಳು. ಕಳ್ಳರಿಗೂ ಈ ಗುರುತಿನ ಬೆಲೆ ಗೊತ್ತು: ಮೆದುಳಿನ ಪೊರೆಯ ಉರಿಯೂತವನ್ನು ತರುವ ಕೆಲವು ಬ್ಯಾಕ್ಟೀರಿಯಗಳು ಸಯಾಲಿಕ್ ಆಮ್ಲದ ಹೊದಿಕೆಯನ್ನೇ ಹೊದ್ದು ನಮ್ಮ ಕಾವಲುಗಾರರ ಕಣ್ಣಿಗೆ ಮಣ್ಣೆರಚುತ್ತವೆ. ಆದುದರಿಂದ ವೈರಸ್ಸಿನಿಂದ ತಪ್ಪಿಸಿಕೊಳ್ಳಲೆಂದು ನಾವು ಈ ಮಣಿಗಳನ್ನು ಮೈಯಿಂದ ಶಾಶ್ವತವಾಗಿ ತೆಗೆದುಹಾಕುವಂತಿಲ್ಲ.

ಒಂದು ಮುಖ್ಯ ವಿಚಾರ ಉಳಿಯಿತು. ಕೊನೆಯ ಮಣಿಯಾದ ಸಯಾಲಿಕ್ ಆಮ್ಲವನ್ನು ಅದರ ಹಿಂದಿನ ಗ್ಯಾಲಕ್ಟೋಸಿಗೆ ಎರಡು ರೀತಿಯಲ್ಲಿ ಪೋಣಿಸಬಹುದು. ಗ್ಯಾಲಕ್ಟೋಸಿನ ಮೂರನೆಯ ಇಂಗಾಲಕ್ಕೆ ಕಟ್ಟಿದರೆ ಸರವು ನೀಳವಾಗಿ ಚಾಚುತ್ತದೆ. ಆರನೆಯದಕ್ಕೆ ಕಟ್ಟಿದರೆ ಬಾಗಿ ಮಡಿಚಿಕೊಳ್ಳುತ್ತದೆ. ಬಾತುಕೋಳಿ ಮೊದಲಾದ ಹಕ್ಕಿಗಳ ಕರುಳಿನಲ್ಲಿ ಮೂರರ ಕಟ್ಟು ಹೆಚ್ಚು. ಮನುಷ್ಯರ ಮೂಗು, ಗಂಟಲು, ಶ್ವಾಸನಾಳಗಳಲ್ಲಿ ಆರರ ಕಟ್ಟು ಹೆಚ್ಚು. ಹಕ್ಕಿಯ ವೈರಸ್ಸು ಮೂರನ್ನು ಮೆಚ್ಚುತ್ತದೆ, ಮನುಷ್ಯರದು ಆರನ್ನು. ಈ ಮೆಚ್ಚುಗೆಯನ್ನು ನಿರ್ಧರಿಸುವುದು ತಗ್ಗಿನ ಅಂಚಿನ ಕೆಲವೇ ಅಮೈನೋ ಆಮ್ಲಗಳೆಂದು 1983ರಲ್ಲಿ ತಿಳಿಯಿತು. 1968ರ ವೈರಸ್ಸಿನ ಬಗೆಯಲ್ಲಿ 226ನೆಯ ಸ್ಥಾನದಲ್ಲಿ ಗ್ಲುಟಮಿನ್ ಇದ್ದರೆ ಹಕ್ಕಿಯ ರೀತಿ, ಲ್ಯೂಸಿನ್ ಇದ್ದರೆ ಮನುಷ್ಯರ ರೀತಿ. ಐನೂರಕ್ಕೂ ಮೇಲ್ಪಟ್ಟು ಅಮೈನೋ ಆಮ್ಲಗಳಿರುವ ಎಳೆಯಲ್ಲಿ ಇದೊಂದು!

ಇದಕ್ಕಿಂತ ವಿಸ್ಮಯದ ಮಾತು ಇನ್ನೊಂದಿದೆ. ಒಂಟಿ ತಗ್ಗಿನ ಮಟ್ಟದಲ್ಲಿ ಅಳೆದಾಗ ಈ ಎರಡು ಕಟ್ಟುಗಳ ಹಿಡಿತದ ವ್ಯತ್ಯಾಸ ಒಂದೂವರೆ ಎರಡು ಪಟ್ಟು ಮಾತ್ರ. ಇಷ್ಟು ಸಣ್ಣ ಒಲವು ಒಂದು ವೈರಸ್ಸನ್ನು ಹಕ್ಕಿಗಳಿಗೆ ಕಟ್ಟಿಹಾಕುವುದು ಹೇಗೆ? ಮತ್ತೆ ಎಣಿಕೆಯ ಮಹಿಮೆಯೇ. ಒಂದು ಹಿಡಿತದಲ್ಲಿ ಎರಡು ಪಟ್ಟಿನ ವ್ಯತ್ಯಾಸವಿದ್ದರೆ ಹತ್ತು ಹಿಡಿತಗಳಲ್ಲಿ ಅದು, ಸ್ಥೂಲವಾಗಿ ಹೇಳುವುದಾದರೆ, ಸಾವಿರ ಪಟ್ಟಾಗುತ್ತದೆ. ಹಿಡಿತವು ಬಿಗಿಯಾಗಿದ್ದರೆ ಒಂದೆರಡೇ ಸಾಕಾಗುತ್ತಿತ್ತು. ಒಲವು ಹೀಗೆ ಹಿಗ್ಗಲು ಎಡೆಯೇ ಇರುತ್ತಿರಲಿಲ್ಲ.

1997ರಲ್ಲಿ ಹಾಂಗ್‌ಕಾಂಗಿನಲ್ಲಿ ಎಚ್5ಎನ್1 ಎಂಬ ಕೋಳಿಜ್ವರದ ವೈರಸ್ಸು ಮನುಷ್ಯರಿಗೆ ತಗಲಿ, ಹದಿನೆಂಟು ಜನರಲ್ಲಿ ಆರು ಮಂದಿ ಸತ್ತರು. ಆದರೂ ಅದು ಮನುಷ್ಯನಿಂದ ಮನುಷ್ಯನಿಗೆ ಸರಾಗವಾಗಿ ಹರಡಲಿಲ್ಲ. ಮೂರರ ಕಟ್ಟು ನಮ್ಮಲ್ಲಿ ಹೆಚ್ಚಾಗಿರುವುದು ಶ್ವಾಸಕೋಶದ ಆಳದಲ್ಲಿ. ಅಲ್ಲಿ ನೆಲೆಸಿದ ವೈರಸ್ಸು ರೋಗಿಯನ್ನು ಕೊಲ್ಲಬಹುದು. ಕೆಮ್ಮು ಸೀನುಗಳೊಂದಿಗೆ ಹೊರಬರುವುದು ಅದಕ್ಕೆ ಸುಲಭವಲ್ಲ. ಎಚ್5 ಬಗೆಯ ವೈರಸ್ಸು ಮನುಷ್ಯರ ಕಟ್ಟಿಗೆ ಒಗ್ಗಬೇಕಾದರೆ ಹಲವು ಬದಲಾವಣೆಗಳು ಒಟ್ಟಿಗೆ ಆಗಬೇಕೆಂದು ಬಹುಕಾಲ ಎಣಿಸಿದ್ದರು. 2024ರ ಮಾರ್ಚಿಯಲ್ಲಿ ಈ ವೈರಸ್ಸು ಅಮೆರಿಕದ ಹಾಲು ಕರೆಯುವ ಹಸುಗಳಲ್ಲಿ ಕಾಣಿಸಿಕೊಂಡಿತು. ಅದೇ ಡಿಸೆಂಬರಿನಲ್ಲಿ, 1981ರ ಚಿತ್ರವನ್ನು ಬಿಡಿಸಿದ್ದ ಅದೇ ಇಯನ್ ವಿಲ್ಸನ್ ಮತ್ತು ಆತನ ಸಂಗಡಿಗರು, ಹಸುವಿನ ವೈರಸ್ಸಿನ ಹೀಮಗ್ಲುಟಿನಿನ್ನಿನಲ್ಲಿ 226ನೆಯ ಗ್ಲುಟಮಿನ್ನನ್ನು ಲ್ಯೂಸಿನ್ನಿಗೆ ಬದಲಿಸಿದರೆ ಆ ಒಂದರಿಂದಲೇ ಒಲವು ಮೂರರಿಂದ ಆರಕ್ಕೆ ಹೊರಳುತ್ತದೆಂದು ತೋರಿಸಿದರು. ಈ ಪ್ರಯೋಗವನ್ನು ನಡೆಸಿದುದು ಪ್ರೋಟೀನಿನ ಮೇಲೆ, ಜೀವಂತ ವೈರಸ್ಸಿನ ಮೇಲಲ್ಲ. ಮನುಷ್ಯರಲ್ಲಿ ಹರಡಲು ಈ ಬದಲಾವಣೆಯೊಂದೇ ಸಾಲದು. ನಮ್ಮ ಜೀವಕಣದೊಳಗೆ ಚುರುಕಾಗಿ ವೃದ್ಧಿಯಾಗುವ ಶಕ್ತಿಯೂ, ಕತ್ತರಿಗೂ ಹಿಡಿತಕ್ಕೂ ನಡುವೆ ಹೊಂದಾಣಿಕೆಯೂ ಬೇಕು. ಆ ವರ್ಷ ಹಸುಗಳ ಸಂಪರ್ಕದಿಂದ ಸೋಂಕು ತಗಲಿದ ಹಾಲಿನ ಕೊಟ್ಟಿಗೆಗಳ ಕೆಲಸಗಾರರಲ್ಲಿ ಬಹು ಮಂದಿಗೆ ಕಾಣಿಸಿಕೊಂಡುದು ಕಣ್ಣು ಕೆಂಪಾಗುವ ಬೇನೆ. ಮನುಷ್ಯರ ಕಣ್ಣಿನ ಪೊರೆಯ ಮೇಲೆ ಇರುವುದು ಹೆಚ್ಚಾಗಿ ಮೂರರ ಕಟ್ಟು.